ಹ್ಯಾಕಥಾನ್ ಆಯೋಜಕರಿಗೊಂದು ಬಹಿರಂಗ ಪತ್ರ: ನಿಯಮ ಮೊದಲೇ ಬರೆದಿಡಿ, ಬರೆದಂತೆ ನಡೆಸಿ

ವಿಶ್ವವಿದ್ಯಾಲಯಗಳಲ್ಲಿ ಹ್ಯಾಕಥಾನ್ ನಡೆಸುವ ಅಧ್ಯಾಪಕರಿಗೆ, ವಿದ್ಯಾರ್ಥಿ ಸಂಘಗಳ ಗೆಳೆಯರಿಗೆ, ಬಹುಮಾನ ಕೊಡುವ ಕಂಪನಿಗಳವರಿಗೆ ನಮಸ್ಕಾರ.

ಹ್ಯಾಕಥಾನ್ ಅಂದರೆ ಇವತ್ತು ತಂಡಗಳು ಒಂದೆರಡು ದಿನ ಕೂತು, ಗೊತ್ತುಪಡಿಸಿದ ಸಮಯದೊಳಗೆ ಹೊಸ ತಂತ್ರಾಂಶ ಮಾಡಿ ತೋರಿಸುವ ಸ್ಪರ್ಧೆ. ನಾನು ವಿದ್ಯಾರ್ಥಿಗಳ ಹ್ಯಾಕಥಾನ್‌ಗಳಲ್ಲಿ ಮೆಂಟರ್ ಆಗಿ, ಅಂದರೆ ತಂಡಗಳಿಗೆ ದಾರಿ ತೋರಿಸುವವನಾಗಿ ಓಡಾಡಿದವನು, ಕೆಲವು ಕಡೆ ತೀರ್ಪುಗಾರನಾಗಿಯೂ ಕೂತವನು. ನಿಮ್ಮ ಪೋಸ್ಟರ್‌ಗಳಲ್ಲಿ ಬಹುಮಾನದ ಮೊತ್ತ ದೊಡ್ಡ ಅಕ್ಷರದಲ್ಲಿರುತ್ತದೆ. ನಿಯಮಗಳು ಮಾತ್ರ ಎರಡೇ ಸಾಲಿನಲ್ಲಿ ಮುಗಿದಿರುತ್ತವೆ. ಕೆಲಸ ಸ್ವಂತದ್ದಾಗಿರಬೇಕು, ತೀರ್ಪುಗಾರರ ನಿರ್ಧಾರವೇ ಅಂತಿಮ. ಇಷ್ಟು ಸಾಲದು. ನಿಯಮ ಸ್ಪಷ್ಟವಾಗಿಲ್ಲದಿದ್ದರೆ ಅದರ ಪೆಟ್ಟು ಬೀಳುವುದು ಮೋಸ ಮಾಡುವವರ ಮೇಲಲ್ಲ, ಪ್ರಾಮಾಣಿಕವಾಗಿ ಆಡುವವರ ಮೇಲೆ. ಈ ಪತ್ರ ಬರೆಯುತ್ತಿರುವುದೇ ಇದನ್ನು ಹೇಳುವುದಕ್ಕೆ.

ನಾನು ಮೆಂಟರ್ ಆಗಿದ್ದ ಒಂದು ಕಡೆ ಏನಾಯಿತು ಕೇಳಿ. ಮೊದಲ ವರ್ಷದ ಮೂವರು ವಿದ್ಯಾರ್ಥಿನಿಯರ ತಂಡ. ತಾವೇ ಹಿಂದೆ ಬರೆದಿಟ್ಟಿದ್ದ ಲಾಗಿನ್ ಪುಟದ ಕೋಡನ್ನು ಬಳಸಬಹುದಾ ಎಂದು ಕೇಳಿದರು. ಒಬ್ಬ ಸ್ವಯಂಸೇವಕ ಬೇಡ ಎಂದ. ಇನ್ನೊಬ್ಬ ಏನೂ ಆಗಲ್ಲ ಬಿಡಿ ಎಂದ. ಯಾಕೆ ರಿಸ್ಕ್ ಎಂದುಕೊಂಡು ಅವರು ಎಲ್ಲವನ್ನೂ ಮೊದಲಿನಿಂದ ಬರೆದರು. ಅರ್ಧ ರಾತ್ರಿ ಅದಕ್ಕೇ ಹೋಯಿತು. ಅದೇ ಹಾಲ್‌ನಲ್ಲಿದ್ದ ಇನ್ನೊಂದು ತಂಡ ತಮ್ಮ ಸೆಮಿಸ್ಟರ್ ಪ್ರಾಜೆಕ್ಟನ್ನೇ ಹೆಸರು ಬದಲಿಸಿ, ಬಣ್ಣ ಬದಲಿಸಿ ತಂದಿತ್ತು. ಬಹುಮಾನ ಆ ತಂಡಕ್ಕೆ ಹೋಯಿತು. ದೂರು ಕೊಡೋಣ ಎಂದರೆ ಮುರಿದದ್ದು ಯಾವ ನಿಯಮ? ಬರೆದ ನಿಯಮವೇ ಇರಲಿಲ್ಲ. ಆ ಹುಡುಗಿಯರು ಮುಂದಿನ ವರ್ಷ ಬರಲಿಲ್ಲ.

ಹ್ಯಾಕಥಾನ್ ಶುರುವಾದಾಗ ಇಂಥ ಜಗಳಕ್ಕೆ ಜಾಗವೇ ಇರಲಿಲ್ಲ. 1999ರ ಜೂನ್‌ನಲ್ಲಿ ಓಪನ್‌ಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ ಕಟ್ಟುತ್ತಿದ್ದ ಸುಮಾರು 10 ಜನ ಕೆನಡಾದ ಕ್ಯಾಲ್ಗರಿಯಲ್ಲಿ ಸೇರಿದ್ದರು. ಗುಪ್ತಲಿಪಿಯ ತಂತ್ರಾಂಶಕ್ಕೆ ಅಮೆರಿಕದ ರಫ್ತು ಕಾನೂನು ಅಡ್ಡ ಬರುತ್ತಿತ್ತು. ಹಾಗಾಗಿ ಅಮೆರಿಕದ ಹೊರಗೆ ಕೂತು ಒಟ್ಟಿಗೆ ಕೋಡ್ ಬರೆದರು. ಅಲ್ಲಿ ಒಬ್ಬರನ್ನೊಬ್ಬರು ಸೋಲಿಸುವ ಮಾತೇ ಇರಲಿಲ್ಲ. 2009ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಪೆನ್‌ಆ್ಯಪ್ಸ್ ಎಂಬ ಹ್ಯಾಕಥಾನ್ ಶುರು ಮಾಡಿದರು. ಆಮೇಲೆ ಕಾಲೇಜು ಹ್ಯಾಕಥಾನ್‌ಗಳು ಎಲ್ಲ ಕಡೆ ಹಬ್ಬಿದವು. ಬಹುಮಾನ ಬಂತು, ಸ್ಪಾನ್ಸರ್‌ಗಳು ಬಂದರು, ಗೆದ್ದವರಿಗೆ ಇಂಟರ್ನ್‌ಶಿಪ್ ಸಂದರ್ಶನವೂ ಸಿಗತೊಡಗಿತು. ಗೆಲ್ಲುವುದಕ್ಕೆ ಬೆಲೆ ಬಂದ ಮೇಲೆ ನಂಬಿಕೆಯೊಂದರ ಮೇಲೆಯೇ ನಡೆಸುತ್ತೇವೆ ಎಂದರೆ ಆಗುವುದಿಲ್ಲ.

2013ರಲ್ಲಿ ಸೇಲ್ಸ್‌ಫೋರ್ಸ್ ಕಂಪನಿ 10 ಲಕ್ಷ ಡಾಲರ್ ಬಹುಮಾನದ ಹ್ಯಾಕಥಾನ್ ನಡೆಸಿತು. ಅದು ವಿದ್ಯಾರ್ಥಿಗಳದ್ದಲ್ಲ, ಆದರೆ ಪಾಠ ನಮಗೂ ಇದೆ. ಗೆದ್ದ ತಂಡ ಸ್ಪರ್ಧೆಗೆ ಮೊದಲೇ ಬರೆದಿದ್ದ ಕೋಡ್ ಬಳಸಿದೆ ಎಂದು ಉಳಿದ ಸ್ಪರ್ಧಿಗಳು ಸಿಟ್ಟಾದರು. ಹಳೆಯ ಕೋಡನ್ನು ಒಂದು ಮಿತಿಯೊಳಗೆ ಬಳಸಬಹುದು ಎಂದು ನಿಯಮದಲ್ಲೇ ಇತ್ತು. ಆದರೆ ಮಿತಿ ಎಲ್ಲಿಗೆ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಅರ್ಥ ಮಾಡಿಕೊಂಡಿದ್ದರು. ಕೊನೆಗೆ ಕಂಪನಿ ಟೈ ಎಂದು ಘೋಷಿಸಿ, ಎರಡನೇ ತಂಡಕ್ಕೂ ಇನ್ನೊಂದು 10 ಲಕ್ಷ ಡಾಲರ್ ಕೊಟ್ಟಿತು. ವಿಶ್ವವಿದ್ಯಾಲಯದ ಹತ್ತಿರ ಹಾಗೆ ತಪ್ಪು ಸರಿ ಮಾಡಿಕೊಳ್ಳುವಷ್ಟು ದುಡ್ಡು ಇರುವುದಿಲ್ಲ. ಹಾಗಾಗಿ ಮೊದಲೇ ಬರೆದಿಡುವುದೊಂದೇ ದಾರಿ.

ಬರೆಯುವುದು ಕಷ್ಟವೂ ಅಲ್ಲ. ವಿದ್ಯಾರ್ಥಿ ಹ್ಯಾಕಥಾನ್‌ಗಳನ್ನು ಒಟ್ಟುಗೂಡಿಸುವ ಮೇಜರ್ ಲೀಗ್ ಹ್ಯಾಕಿಂಗ್ ಎಂಬ ಸಂಸ್ಥೆ ಇದೆ, 2013ರಲ್ಲಿ ಶುರುವಾದದ್ದು. ಅದರ ನಿಯಮಗಳು ಸರಳ ಮಾತಿನಲ್ಲಿವೆ. ಐಡಿಯಾ ಮೊದಲೇ ಇದ್ದರೆ ತೊಂದರೆ ಇಲ್ಲ. ಬೇರೆಯವರು ಮಾಡಿದ ಐಡಿಯಾ ಆದರೂ ಸರಿ. ಆದರೆ ಕೆಲಸ ಹ್ಯಾಕಥಾನ್‌ನಲ್ಲೇ ನಡೆಯಬೇಕು. ಲೈಬ್ರರಿ, ಫ್ರೇಮ್‌ವರ್ಕ್ (ಬೇರೆಯವರು ಸಿದ್ಧ ಮಾಡಿಟ್ಟ ಕೋಡ್), ಓಪನ್ ಸೋರ್ಸ್ ಕೋಡ್ (ಯಾರು ಬೇಕಾದರೂ ಬಳಸಲು ಬಿಟ್ಟದ್ದು) ಬಳಸಬಹುದು. ಸ್ಪರ್ಧೆಯಲ್ಲಿ ಬಳಸುವುದಕ್ಕೆಂದೇ ತಮ್ಮ ಕೋಡನ್ನು ಮೊದಲು ಓಪನ್ ಸೋರ್ಸ್ ಮಾಡಿಟ್ಟುಕೊಂಡು ಬರುವಂತಿಲ್ಲ. ಹಳೆಯ ಪ್ರಾಜೆಕ್ಟ್‌ಗೆ ಹೊಸ ಫೀಚರ್ ಸೇರಿಸಬಹುದು, ಆದರೆ ಅಂಕ ಹೊಸ ಭಾಗಕ್ಕೆ ಮಾತ್ರ. ಸಮಯ ಮುಗಿದ ಮೇಲೆ ಕೆಲಸ ನಿಲ್ಲಿಸಬೇಕು, ಸಣ್ಣ ಬಗ್ ಸರಿಪಡಿಸಬಹುದು. ಇದರಲ್ಲಿ ಅರ್ಥವಾಗದ್ದು ಏನಿದೆ ಹೇಳಿ? ಇದನ್ನೇ ತೆಗೆದುಕೊಂಡು ನಿಮ್ಮ ಕಾರ್ಯಕ್ರಮಕ್ಕೆ ಹೊಂದಿಸಿಕೊಳ್ಳಿ. ಅದನ್ನು ನೋಂದಣಿ ಶುರುವಾಗುವ ದಿನವೇ ಕೊಡಿ, ಉದ್ಘಾಟನೆಯ ದಿನ ಪರದೆಯ ಮೇಲೆ ಎರಡು ನಿಮಿಷ ತೋರಿಸಿ ಕೈ ತೊಳೆದುಕೊಳ್ಳಬೇಡಿ.

ಹಳೆಯ ಕೋಡ್ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ. ಪೂರ್ತಿ ನಿಷೇಧ ಕೆಲಸಕ್ಕೆ ಬರುವುದಿಲ್ಲ. ಅದಕ್ಕಿಂತ ಪ್ರತಿ ತಂಡವೂ ಒಂದು ಪುಟ ಬರೆದು ಕೊಡಲಿ. ಈ ಭಾಗ ಇಲ್ಲಿ ಬರೆದದ್ದು, ಈ ಭಾಗ ಈ ಲೈಬ್ರರಿಯದು, ಈ ಟೆಂಪ್ಲೇಟ್ ನಾವು ಮೊದಲೇ ಮಾಡಿದ್ದು, ಈ ಚಿತ್ರ ಇಂಥ ಕಡೆಯಿಂದ ತಂದದ್ದು ಅಂತ. ಬರೆದು ತೋರಿಸಿದ್ದಕ್ಕೆ ಅಂಕ ಕಳೆಯಬೇಡಿ. ಮುಚ್ಚಿಟ್ಟದ್ದು ಸಿಕ್ಕರೆ ಮಾತ್ರ ಕಠಿಣವಾಗಿರಿ. ಆಗ ಆ ಮೊದಲ ವರ್ಷದ ತಂಡ ಧೈರ್ಯವಾಗಿ ತಮ್ಮ ಲಾಗಿನ್ ಪುಟ ಬಳಸಬಹುದಿತ್ತು. ಸೆಮಿಸ್ಟರ್ ಪ್ರಾಜೆಕ್ಟ್ ತಂದವರು ಒಂದೋ ನಿಜ ಹೇಳಬೇಕಿತ್ತು, ಇಲ್ಲವೇ ಸಹಿ ಹಾಕಿ ಸುಳ್ಳು ಹೇಳಬೇಕಿತ್ತು.

ಕೋಡ್‌ನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ಸಾಧನ ಇದೆ. ಅದರ ಹಿಸ್ಟರಿ ನೋಡಿದರೆ ಎಲ್ಲ ಗೊತ್ತಾಗುತ್ತದೆ ಎಂದು ಹಲವು ಆಯೋಜಕರು ನಂಬಿಕೊಂಡಿದ್ದಾರೆ. ಹಾಗಲ್ಲ. ಕಮಿಟ್‌ನ, ಅಂದರೆ ಅಲ್ಲಿ ದಾಖಲಾದ ಒಂದೊಂದು ಬದಲಾವಣೆಯ ದಿನಾಂಕವನ್ನು ಬರೆಯುವವರೇ ಇಟ್ಟುಕೊಳ್ಳಬಹುದು, ಹಿಸ್ಟರಿಯನ್ನೇ ತಿದ್ದಿ ಬರೆಯಬಹುದು. ಇನ್ನೊಂದು ಕಡೆ, ಗಿಟ್ ಸರಿಯಾಗಿ ಬಾರದ ಹೊಸಬರು ಕೊನೆಯಲ್ಲಿ ಎಲ್ಲವನ್ನೂ ಒಂದೇ ಕಮಿಟ್‌ನಲ್ಲಿ ಹಾಕಿರುತ್ತಾರೆ. ಅವರ ಮೇಲೆ ಸುಮ್ನೆ ಅನುಮಾನ ಬೀಳುತ್ತದೆ. ಗಿಟ್ ನೋಡಿ, ಆದರೆ ಅದನ್ನೇ ಸಾಕ್ಷಿ ಮಾಡಬೇಡಿ. ಹ್ಯಾಕಥಾನ್ ನಡೆಯುವಾಗಲೇ ಮೆಂಟರ್‌ಗಳು ಪ್ರತಿ ತಂಡದ ಹತ್ತಿರ ಎರಡು ಮೂರು ಸಲ ಹೋಗಿ ಎಲ್ಲಿಗೆ ಬಂತು ಎಂದು ಕೇಳಿ ಗುರುತು ಹಾಕಿಕೊಳ್ಳಲಿ. ಕೊನೆಗೆ ತೀರ್ಪುಗಾರರು ಕೋಡ್‌ನ ಒಂದು ಭಾಗ ತೆರೆದು, ಇದು ಹೇಗೆ ನಡೆಯುತ್ತದೆ, ಇದನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳಲಿ. ತಾನು ಮಾಡಿದ ಕೆಲಸದ ಬಗ್ಗೆ ಮಾತಾಡುವ ವಿದ್ಯಾರ್ಥಿಯ ದನಿಯೇ ಬೇರೆ. ಎಲ್ಲಿ ಒದ್ದಾಡಿದೆ, ಯಾವುದನ್ನು ಬಿಟ್ಟೆ ಎಂದು ತಾನಾಗಿಯೇ ಹೇಳುತ್ತಾ ಹೋಗುತ್ತಾನೆ.

ಈಗ ಎಐ ಪ್ರಶ್ನೆ. ಕೋಡ್ ಬರೆದುಕೊಡುವ ಗಿಟ್‌ಹಬ್ ಕೋಪೈಲಟ್ 2021ರಲ್ಲಿ ಪ್ರಾಯೋಗಿಕವಾಗಿ ಬಂತು, ಚಾಟ್‌ಜಿಪಿಟಿ 2022ರ ನವೆಂಬರ್ ಕೊನೆಯಲ್ಲಿ ಬಂತು. ಅಲ್ಲಿಂದ ಈಚೆಗೆ ಕೋಡ್ ಬರೆಯುವ ರೀತಿಯೇ ಬದಲಾಗಿದೆ. ಆದರೂ ನಮ್ಮ ಎಷ್ಟೋ ನಿಯಮ ಪುಟಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಹೇಳದೇ ಬಿಟ್ಟರೆ ಏನಾಗುತ್ತದೆ ಗೊತ್ತಾ? ಒಬ್ಬರು ಬಳಸಿದರೆ ಮೋಸ ಆಗಬಹುದು ಎಂದು ಹೆದರಿ ಬಿಡುತ್ತಾರೆ, ಪಕ್ಕದವರು ಮೂರು ದಿನದ ಕೆಲಸವನ್ನು ಮೂರು ಗಂಟೆಯಲ್ಲಿ ಮುಗಿಸುತ್ತಾರೆ. ನಿಷೇಧಿಸಿದರೆ ಹಿಡಿಯುವುದಕ್ಕೆ ಆಗುವುದಿಲ್ಲ. ಎಐ ಬರೆದ ಕೋಡನ್ನು ಖಚಿತವಾಗಿ ಪತ್ತೆ ಹಚ್ಚುವ ಸಾಧನ ಇಲ್ಲ. ಅಂಥ ಸಾಧನ ಇದೆ ಎಂದು ನಂಬಿ ಯಾರನ್ನಾದರೂ ಹೊರಗೆ ಹಾಕಿದರೆ ಅದು ದೊಡ್ಡ ಅನ್ಯಾಯ. ಬಳಸಲಿ, ಎಲ್ಲಿ ಬಳಸಿದ್ದೇವೆ ಎಂದು ಅದೇ ಪುಟದಲ್ಲಿ ಬರೆಯಲಿ, ಕೇಳಿದಾಗ ವಿವರಿಸಲಿ. ವಿವರಿಸಲು ಬಾರದ ಭಾಗಕ್ಕೆ ಅಂಕ ಬೇಡ. ಒಂದು ಮಾತು ಮಾತ್ರ ಮರೆಯಬೇಡಿ. ದುಡ್ಡು ಕೊಟ್ಟು ಕೊಳ್ಳುವ ಎಐ ಸಾಧನ ಎಲ್ಲ ವಿದ್ಯಾರ್ಥಿಗಳ ಹತ್ತಿರವೂ ಇರುವುದಿಲ್ಲ. ಸ್ಪಾನ್ಸರ್‌ಗಳಿಂದ ಎಲ್ಲ ತಂಡಕ್ಕೂ ಒಂದೇ ಸಾಧನ ಕೊಡಿಸಲು ನೋಡಿ. ಆಗದಿದ್ದರೆ, ಎಷ್ಟು ಪುಟ ಇದೆ, ಎಷ್ಟು ಫೀಚರ್ ಇದೆ ಎಂದು ಎಣಿಸಿ ಅಂಕ ಕೊಡುವುದನ್ನಾದರೂ ನಿಲ್ಲಿಸಿ.

ಡೆಮೊದಲ್ಲಿ ನಡೆಯುವ ಇನ್ನೊಂದು ವಿಷಯಕ್ಕೆ ಯಾರೂ ನಿಯಮ ಬರೆಯುವುದಿಲ್ಲ. ಆ್ಯಪ್ ಉತ್ತರ ಕೊಟ್ಟಂತೆ ಕಾಣುತ್ತದೆ, ಆದರೆ ಉತ್ತರವನ್ನು ಕೋಡ್‌ನಲ್ಲೇ ಬರೆದಿಟ್ಟಿರುತ್ತಾರೆ. ರೋಗ ಗುರುತಿಸುವ ಎಐ ಮಾದರಿ ಎಂದು ತೋರಿಸುತ್ತಾರೆ, ಒಳಗೆ ಮಾದರಿಯೇ ಇರುವುದಿಲ್ಲ. ಸಮಯ ಸಾಲದಿದ್ದಾಗ ಬದಲಿ ಡೇಟಾ ಇಟ್ಟು ತೋರಿಸುವುದು ತಪ್ಪಲ್ಲ, ಅದು ಎಲ್ಲರೂ ಮಾಡುವ ಕೆಲಸ. ಆದರೆ ಇದು ಬದಲಿ ಡೇಟಾ, ಈ ಭಾಗ ಇನ್ನೂ ಆಗಿಲ್ಲ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳಿದ ತಂಡವನ್ನು ತೀರ್ಪುಗಾರರು ಕಡೆಗಣಿಸಬಾರದು. ಅರ್ಧ ಆಗಿದ್ದರೂ ತೋರಿಸಿ ಎಂದು ಧೈರ್ಯ ತುಂಬಿ. ಕಲಿಕೆ ಜಾಸ್ತಿ ಆಗಿರುವುದು ಎಷ್ಟೋ ಸಲ ಅಲ್ಲೇ.

ತೀರ್ಪುಗಾರರ ವಿಷಯಕ್ಕೆ ಬರುತ್ತೇನೆ. ತಂಡಗಳನ್ನು ಹಂಚಿ ಹತ್ತಕ್ಕೆ ಇಷ್ಟು ಅಂಕ ಎಂದು ಕೊಡಿಸುತ್ತೀರಿ. ಒಬ್ಬರು ಚೆನ್ನಾಗಿರುವ ಕೆಲಸಕ್ಕೆ 9 ಕೊಡುತ್ತಾರೆ, ಇನ್ನೊಬ್ಬರ ಹತ್ತಿರ ಅದೇ ಕೆಲಸಕ್ಕೆ 6. ಯಾವ ತೀರ್ಪುಗಾರರು ಸಿಕ್ಕರು ಎಂಬುದರ ಮೇಲೆ ಫಲಿತಾಂಶ ನಿಂತುಬಿಡುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ತಮ್ಮ ಹ್ಯಾಕ್‌ಎಂಐಟಿ ಹ್ಯಾಕಥಾನ್‌ಗಾಗಿ ಗ್ಯಾವೆಲ್ ಎಂಬ ವ್ಯವಸ್ಥೆ ಮಾಡಿಕೊಂಡಿದ್ದು ಇದೇ ಕಾರಣಕ್ಕೆ. ಅದರಲ್ಲಿ ತೀರ್ಪುಗಾರರು ಅಂಕ ಕೊಡುವುದಿಲ್ಲ. ಈಗ ನೋಡಿದ ಪ್ರಾಜೆಕ್ಟ್, ಇದಕ್ಕೆ ಮೊದಲು ನೋಡಿದ್ದು, ಎರಡರಲ್ಲಿ ಯಾವುದು ವಾಸಿ ಎಂದಷ್ಟೇ ಹೇಳುತ್ತಾರೆ. ಅಂಥ ಹೋಲಿಕೆಗಳನ್ನೆಲ್ಲ ಸೇರಿಸಿ ಗ್ಯಾವೆಲ್ ಕ್ರಮ ಹಾಕುತ್ತದೆ. ಜೋಡಿಯಾಗಿ ಹೋಲಿಸುವ ಈ ಲೆಕ್ಕ ಹೊಸದಲ್ಲ, ಮನಶ್ಶಾಸ್ತ್ರಜ್ಞ ಥರ್ಸ್ಟನ್ 1927ರಲ್ಲೇ ಬರೆದಿದ್ದರು. ಗ್ಯಾವೆಲ್ ಓಪನ್ ಸೋರ್ಸ್ ಆಗಿಯೇ ಸಿಗುತ್ತದೆ. ನಿಮ್ಮದು ಚಿಕ್ಕ ಕಾರ್ಯಕ್ರಮವಾದರೆ ಅಷ್ಟೆಲ್ಲ ಬೇಕಿಲ್ಲ. ಪ್ರತಿ ತಂಡವನ್ನು ಕನಿಷ್ಠ ಮೂವರು ನೋಡಲಿ, ಯಾವುದಕ್ಕೆ ಎಷ್ಟು ತೂಕ ಎಂದು ಮೊದಲೇ ಪ್ರಕಟಿಸಿ.

ಮುಖ ನೋಡಿ ಮಣೆ ಹಾಕುವುದು ನಿಲ್ಲಬೇಕು. ಮಾರ್ಗದರ್ಶನ ಕೊಟ್ಟ ಮೆಂಟರ್ ಅದೇ ತಂಡಕ್ಕೆ ತೀರ್ಪು ಕೊಡಬಾರದು. ತನ್ನ ಲ್ಯಾಬ್‌ನ ವಿದ್ಯಾರ್ಥಿ ಸ್ಪರ್ಧೆಯಲ್ಲಿದ್ದರೆ ಅಧ್ಯಾಪಕರು ಆ ಮೇಜಿನಿಂದ ಏಳಬೇಕು. ಆಯೋಜಕರ ಸಂಘದ ಸದಸ್ಯರು ಸ್ಪರ್ಧಿಸುವಂತಿಲ್ಲ. ಸ್ಪಾನ್ಸರ್ ಕಂಪನಿಯ ಎಪಿಐ (ಅವರ ಸೇವೆಯನ್ನು ನಮ್ಮ ಕೋಡ್‌ಗೆ ಜೋಡಿಸುವ ದಾರಿ) ಬಳಸಿದವರಿಗೆ ಬಹುಮಾನ ಕೊಡಬೇಕೆಂದರೆ ಅದಕ್ಕೆ ಬೇರೆಯೇ ಬಹುಮಾನ ಇಡಿ, ಮುಖ್ಯ ಬಹುಮಾನಕ್ಕೆ ಅದನ್ನು ಬೆರೆಸಬೇಡಿ. ಮೆಂಟರ್‌ಗಳಿಗೂ ಒಂದು ನಿಯಮ ಬೇಕು: ಕೀಬೋರ್ಡ್ ಮುಟ್ಟಬಾರದು. ದಾರಿ ತೋರಿಸಿ, ಕೋಡ್ ಬರೆಯಬೇಡಿ.

ನಡವಳಿಕೆಯ ವಿಷಯವನ್ನು ಪಕ್ಕಕ್ಕೆ ತಳ್ಳುವಂತಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಟೆಕ್‌ಕ್ರಂಚ್ ಡಿಸ್ರಪ್ಟ್ ಹ್ಯಾಕಥಾನ್‌ನಲ್ಲಿ ಒಂದು ತಂಡ ಹೆಂಗಸರ ಎದೆಯನ್ನು ದಿಟ್ಟಿಸಿ ನೋಡುವುದನ್ನೇ ತಮಾಷೆ ಮಾಡಿಕೊಂಡ ಆ್ಯಪನ್ನು ವೇದಿಕೆಯ ಮೇಲೆ ತೋರಿಸಿತು. ಅದೇ ಹ್ಯಾಕಥಾನ್‌ನಲ್ಲಿ 9 ವರ್ಷದ ಹುಡುಗಿಯೊಬ್ಬಳು ತಾನು ಮಾಡಿದ ಆ್ಯಪ್ ತೋರಿಸಿದ್ದಳು. ಆಯೋಜಕರು ಕ್ಷಮೆ ಕೇಳಿದರು, ಇನ್ನು ಮುಂದೆ ಪ್ರತಿ ಪ್ರದರ್ಶನವನ್ನೂ ಮೊದಲೇ ಪರಿಶೀಲಿಸುತ್ತೇವೆ ಎಂದರು. ಆದರೆ ಆ ಹುಡುಗಿಯ ಎದುರು ಆಗಬಾರದ್ದು ಆಗಿಹೋಗಿತ್ತು.

ಇವತ್ತು ಬಹುತೇಕ ಹ್ಯಾಕಥಾನ್‌ಗಳಲ್ಲಿ ನಡವಳಿಕೆ ಸಂಹಿತೆ ಎಂಬ ಪುಟ ಇದೆ. ಅದನ್ನು ಎಲ್ಲಿಂದಲೋ ಕಾಪಿ ಮಾಡಿ ಹಾಕಿರುತ್ತಾರೆ. ರಾತ್ರಿ ಎರಡು ಗಂಟೆಗೆ ಯಾರಾದರೂ ಒಬ್ಬ ವಿದ್ಯಾರ್ಥಿನಿಯನ್ನು ಹಿಂಬಾಲಿಸಿದರೆ ಅವಳು ಯಾರ ಹತ್ತಿರ ಹೋಗಬೇಕು? ಆ ಪುಟದಲ್ಲಿ ಉತ್ತರ ಇರುವುದಿಲ್ಲ. ಕನಿಷ್ಠ ಇಬ್ಬರ ಹೆಸರು, ಫೋಟೊ, ಫೋನ್ ನಂಬರ್ ಹಾಲ್‌ನಲ್ಲಿ ಅಂಟಿಸಿ. ಅವರಲ್ಲಿ ಒಬ್ಬರಾದರೂ ಮಹಿಳೆ ಇರಲಿ. ಯಾವ ಹೊತ್ತಿಗೂ ಒಬ್ಬರು ಎಚ್ಚರ ಇರಲಿ. ಅವರು ಬಹುಮಾನದ ತೀರ್ಪಿನಲ್ಲಿ ಇರಬಾರದು, ಇದ್ದರೆ ದೂರು ಕೊಟ್ಟರೆ ಅಂಕ ಹೋಗುತ್ತದೆ ಎಂಬ ಭಯ ಹುಟ್ಟುತ್ತದೆ. ದೂರು ಬಂದಾಗ ಮೊದಲು ಕೇಳಿಸಿಕೊಳ್ಳಿ, ಇಬ್ಬರನ್ನೂ ದೂರ ಕೂರಿಸಿ, ಬರೆದಿಟ್ಟುಕೊಳ್ಳಿ, ದೂರು ಕೊಟ್ಟವರ ಹೆಸರು ಹೊರಗೆ ಹೋಗದಂತೆ ನೋಡಿಕೊಳ್ಳಿ. ವಿಶ್ವವಿದ್ಯಾಲಯದ ದೂರು ಸಮಿತಿಗೆ ಕೊಡಬೇಕಾದ ವಿಷಯವನ್ನು ನೀವೇ ರಾಜಿ ಮಾಡಿಸಿ ಮುಗಿಸಬೇಡಿ. ಸಂಹಿತೆ ಸ್ಪಾನ್ಸರ್‌ಗಳಿಗೂ, ತೀರ್ಪುಗಾರರಿಗೂ, ನಮ್ಮಂಥ ಮೆಂಟರ್‌ಗಳಿಗೂ ಅನ್ವಯಿಸುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ.

ಕಣ್ಣಿಗೆ ಬೀಳದ ನಡವಳಿಕೆಯೂ ಇದೆ. ತಂಡದಲ್ಲಿ ಒಬ್ಬಳೇ ಹುಡುಗಿ ಇದ್ದರೆ ಪಿಪಿಟಿ ಕೆಲಸ ಅವಳ ತಲೆಗೆ ಕಟ್ಟುತ್ತಾರೆ. ಹೊಸಬರ ಕೈಗೆ ಕೋಡ್ ಕೊಡುವುದೇ ಇಲ್ಲ. ಇಂಗ್ಲಿಷ್ ಸರಾಗವಾಗಿ ಬಾರದವರು ಮಾತಾಡಲು ಹಿಂಜರಿಯುತ್ತಾರೆ. ಇದನ್ನು ನಿಯಮದಿಂದ ಪೂರ್ತಿ ಸರಿಪಡಿಸಲಾಗದು. ಆದರೂ ತೀರ್ಪಿನ ಹೊತ್ತಿಗೆ ಪ್ರತಿ ಸದಸ್ಯರಿಗೂ ತಾವು ಮಾಡಿದ್ದನ್ನು ಹೇಳಲು ಅವಕಾಶ ಕೊಟ್ಟರೆ, ಅದೂ ತಮಗೆ ಸಲೀಸಾದ ಭಾಷೆಯಲ್ಲಿ, ಬಹಳಷ್ಟು ಬದಲಾಗುತ್ತದೆ.

ನಿದ್ದೆಯ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. 1997ರಲ್ಲಿ ನೇಚರ್ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಸತತ 17 ಗಂಟೆ ಎಚ್ಚರ ಇದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರಷ್ಟು ಕುಗ್ಗಿತ್ತು. 24 ಗಂಟೆ ಎಚ್ಚರ ಇದ್ದಾಗ ಅದು ಸುಮಾರು 0.10 ಶೇಕಡಾ ಮದ್ಯಕ್ಕೆ ಸಮ. ಹಲವು ದೇಶಗಳಲ್ಲಿ ಅಷ್ಟು ಕುಡಿದು ಗಾಡಿ ಓಡಿಸಿದರೆ ಶಿಕ್ಷೆ ಇದೆ. ನಾವೇನು ಮಾಡುತ್ತೇವೆ? 24 ಇಲ್ಲವೇ 36 ಗಂಟೆ ಎಚ್ಚರ ಇರಿಸಿ, ಬಹುಮಾನ ಕೊಟ್ಟು, ಬೈಕ್ ಹತ್ತಿಸಿ ಕಳಿಸುತ್ತೇವೆ. ಇದು ನನಗೆ ನಿಜಕ್ಕೂ ಭಯ ಹುಟ್ಟಿಸುತ್ತದೆ. ಮಲಗಲು ಕೋಣೆ ಕೊಡಿ, ಹುಡುಗಿಯರಿಗೆ ಬೇರೆ ಕೋಣೆ. ನಡುರಾತ್ರಿ ಮೈಕ್‌ನಲ್ಲಿ ಆಟ, ಹೊಸ ಸವಾಲು, ಕಡ್ಡಾಯ ಹಾಜರಿ ಇಡಬೇಡಿ. ರಾತ್ರಿ ಹಾಲ್ ಮುಚ್ಚಿ ಬೆಳಗ್ಗೆ ತೆರೆಯುವ ಹ್ಯಾಕಥಾನ್ ಕೂಡ ಹ್ಯಾಕಥಾನೇ. ಮುಗಿದ ಮೇಲೆ ಯಾರೂ ತಾವೇ ಗಾಡಿ ಓಡಿಸಿಕೊಂಡು ಹೋಗದಂತೆ ವಾಹನ ಗೊತ್ತು ಮಾಡಿ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. 2013ರ ನೋಡ್ ನಾಕ್‌ಔಟ್ ಎಂಬ ಹ್ಯಾಕಥಾನ್‌ನಲ್ಲಿ ಎಂಐಟಿಯ ವಿದ್ಯಾರ್ಥಿಗಳು ಟಿಡ್‌ಬಿಟ್ ಎಂಬ ಪ್ರಯೋಗ ಮಾಡಿದರು. ಜಾಹೀರಾತು ನೋಡುವ ಬದಲು ಓದುಗರು ತಮ್ಮ ಕಂಪ್ಯೂಟರ್‌ನಿಂದ ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಗಣಿಗಾರಿಕೆಗೆ, ಅಂದರೆ ಅದನ್ನು ಹುಟ್ಟಿಸುವ ಲೆಕ್ಕಾಚಾರಕ್ಕೆ ನೆರವಾಗಲಿ ಎಂಬ ಐಡಿಯಾ. ಅದಕ್ಕೆ ಬಹುಮಾನವೂ ಬಂತು. ಕೆಲವೇ ವಾರಗಳಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯ ಸರ್ಕಾರದಿಂದ ದಾಖಲೆ ಕೇಳಿ ನೋಟಿಸ್ ಬಂತು. ಡಿಜಿಟಲ್ ಹಕ್ಕುಗಳಿಗಾಗಿ ಕೆಲಸ ಮಾಡುವ ಇಎಫ್ಎಫ್ ಸಂಸ್ಥೆ ಅವರ ಪರ ನಿಂತಿತು. ಪ್ರಕರಣ ಮುಗಿದದ್ದು 2015ರಲ್ಲಿ. ವಿದ್ಯಾರ್ಥಿಗಳು ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸಕ್ಕೂ ಹೀಗಾಗಬಹುದು. ಬೇರೆಯವರ ಸರ್ವರ್ ಮೇಲೆ ಅನುಮತಿ ಇಲ್ಲದೆ ಪ್ರಯೋಗ ಬೇಡ, ನಿಜವಾದ ರೋಗಿಗಳ, ವಿದ್ಯಾರ್ಥಿಗಳ ಮಾಹಿತಿ ಬಳಸುವುದು ಬೇಡ, ಎಪಿಐ ಕೀಯನ್ನು (ಎಪಿಐ ಬಳಸಲು ಕೊಡುವ ಗುಟ್ಟಿನ ಸಂಕೇತ) ಕೋಡ್ ಇಡುವ ರೆಪೊದಲ್ಲಿ ಹಾಕುವುದು ಬೇಡ ಎಂದು ಬರೆದು ಕೊಡಿ. ಹಾಕಿಬಿಟ್ಟರೆ ಆ ಸಾಲು ಅಳಿಸಿದರೆ ಸಾಲದು, ಹಿಸ್ಟರಿಯಲ್ಲಿ ಉಳಿದಿರುತ್ತದೆ. ಕೀಯನ್ನೇ ರದ್ದು ಮಾಡಬೇಕು ಎಂದೂ ತಿಳಿಸಿ. ಯಾರಿಗಾದರೂ ನೋಟಿಸ್ ಬಂದರೆ ವಿಶ್ವವಿದ್ಯಾಲಯ ಜೊತೆಗೆ ನಿಲ್ಲುತ್ತದೆ ಎಂಬ ಮಾತೂ ಅಲ್ಲಿರಲಿ.

ಕೋಡ್ ಯಾರದು ಎಂಬುದಕ್ಕೆ ನನ್ನ ಉತ್ತರ ಚಿಕ್ಕದು. ಬರೆದವರದ್ದು. ಭಾಗವಹಿಸಿದ ಮಾತ್ರಕ್ಕೆ ಎಲ್ಲ ಹಕ್ಕು ಕಂಪನಿಗೆ ಸೇರುತ್ತದೆ ಎಂಬ ಸಾಲನ್ನು ನೋಂದಣಿ ಫಾರ್ಮ್‌ನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ತೂರಿಸುವುದನ್ನು ವಿಶ್ವವಿದ್ಯಾಲಯಗಳು ಒಪ್ಪಲೇಬಾರದು.

ನಿಯಮ ಮುರಿದರೆ ಏನು ಎಂಬುದನ್ನೂ ಬರೆಯಿರಿ. ಸಣ್ಣದಕ್ಕೆ ಎಚ್ಚರಿಕೆ, ಮುಚ್ಚಿಟ್ಟರೆ ಬಹುಮಾನದಿಂದ ಹೊರಗೆ, ಯಾರಿಗಾದರೂ ಕಿರುಕುಳ ಕೊಟ್ಟರೆ ಜಾಗದಿಂದಲೇ ಹೊರಗೆ. ಯಾರನ್ನೇ ಹೊರಗೆ ಹಾಕುವ ಮೊದಲು ಅವರ ಮಾತು ಕೇಳಿ. ಫಲಿತಾಂಶ ಹೇಳಿದ ಕೂಡಲೇ ಚೆಕ್ ಕೈಗಿಡಬೇಡಿ. ಆಕ್ಷೇಪ ಇದ್ದವರು ಹೇಳಲು ಒಂದೆರಡು ದಿನ ಕೊಡಿ, ಅದನ್ನು ಸ್ಪರ್ಧೆಗೆ ಸಂಬಂಧವಿಲ್ಲದ ಒಬ್ಬ ಅಧ್ಯಾಪಕರು ನೋಡಲಿ. ಸೋತ ತಂಡಗಳಿಗೂ ತಮ್ಮ ಅಂಕ, ತೀರ್ಪುಗಾರರ ಎರಡು ಸಾಲು ಟಿಪ್ಪಣಿ ತಲುಪಲಿ. ಹ್ಯಾಕಥಾನ್‌ಗೆ ಬರುವವರಲ್ಲಿ ಹೆಚ್ಚಿನವರು ಸೋಲುವವರೇ ಅಲ್ವಾ? ಅವರಿಗೆ ಸಿಗುವುದು ಆ ಎರಡು ಸಾಲು ಮಾತ್ರ.

ಕೊನೆಯದಾಗಿ ಒಂದು ಕೋರಿಕೆ. ನಿಯಮಗಳ ಕರಡು ಸಿದ್ಧವಾದ ಮೇಲೆ, ಇದುವರೆಗೆ ಒಂದೂ ಹ್ಯಾಕಥಾನ್ ನೋಡಿರದ ಮೊದಲ ವರ್ಷದ ಇಬ್ಬರು ವಿದ್ಯಾರ್ಥಿಗಳಿಗೆ ಓದಲು ಕೊಡಿ. ಪಕ್ಕದಲ್ಲಿ ಕೂತು ಅವರು ಕೇಳುವ ಪ್ರಶ್ನೆಗಳನ್ನು ಬರೆದುಕೊಳ್ಳಿ. ಪ್ರತಿ ಪ್ರಶ್ನೆಗೂ ಉತ್ತರ ಕರಡಿಗೆ ಸೇರಿದ ಮೇಲೆ ನೋಂದಣಿ ತೆರೆಯಿರಿ.

ವಿಶ್ವಾಸದಿಂದ,
ಹ್ಯಾಕಥಾನ್‌ಗಳಲ್ಲಿ ನಿಮ್ಮ ಜೊತೆ ಕೆಲಸ ಮಾಡುವ ಒಬ್ಬ ಮೆಂಟರ್